ಶುರು ಮಾಡಿದ ಕೈ

ಅಪ್ಪನ ಕ್ಷೌರದಂಗಡಿಯಲ್ಲಿ ಒಂದೇ ಕಟ್ಟಳೆ: ಮುಖಕ್ಕೆ ಕತ್ತಿ ಇಟ್ಟ ಕೈಯೇ ಆ ಮುಖವನ್ನು ಮುಗಿಸಬೇಕು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವನು ಅರ್ಧ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ. ಪಕ್ಕದ ಕುರ್ಚಿಯಲ್ಲಿ ಆರು ವರ್ಷದಿಂದ ಕೂದಲು ಕತ್ತರಿಸುತ್ತಿರುವ ಮಗಳು ನಾನು. ನಾನೂ ಅವನ ಗಿರಾಕಿಯ ಮುಖ ಮುಟ್ಟುವಂತಿರಲಿಲ್ಲ. ಹಟಮಾರಿ ಅಂದರೆ ಹಟಮಾರಿ!

ಹೋದ ವಾರ ಡಾಕ್ಟರು ಅವನ ಬಲಗೈ ನೋಡಿ ಚೀಟಿಯಲ್ಲಿ ಇಂಗ್ಲಿಷಿನ ಒಂದೇ ಪದ ಬರೆದರು: ಟ್ರೆಮರ್. ಅಪ್ಪ ಅಕ್ಷರ ಕೂಡಿಸಿ ಓದಿದ, ಅರ್ಥ ಕೇಳಲಿಲ್ಲ. ನಾನು ಫೋನಿನಲ್ಲಿ ಹುಡುಕಿ ನೋಡಿ, ಬಾಯಿಗೆ ಬೀಗ ಹಾಕಿಕೊಂಡೆ. ಕತ್ತಿ ಬಿಡು ಅಂತ ಅವನಿಗೆ ಹೇಳುವ ಧೈರ್ಯ ಯಾರಪ್ಪನಿಗಿದೆ? ಅಂದಿನಿಂದ ಅವನು ಯಾರ ಮುಖಕ್ಕೆ ಕತ್ತಿ ಇಟ್ಟರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಇವತ್ತು ಬೆಳಿಗ್ಗೆ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬಂದು ಕುರ್ಚಿಗೆ ಒರಗಿದರು. ಎಡಗೆನ್ನೆ ಹೇಗೋ ಮುಗಿಯಿತು. ಬಲಗಡೆಗೆ ಬಂದ ಅಪ್ಪ, ಹೊತ್ತುಗೊತ್ತಿಲ್ಲದೆ, ಕೇಳಿಯೇಬಿಟ್ಟ.

“ಮೇಷ್ಟ್ರೇ, ಟ್ರೆಮರ್ ಅಂದ್ರೆ ಏನು?”

ಪಾಠ ಅಂದರೆ ಮೇಷ್ಟ್ರಿಗೆ ಊಟಕ್ಕಿಂತ ಹೆಚ್ಚು. ನೊರೆ ಮೆತ್ತಿದ ಬಾಯಲ್ಲೇ ಶುರು ಮಾಡಿದರು. “ನಡುಕ ಕಣಯ್ಯಾ. ಭೂಮಿ ಸ್ವಲ್ಪ ಅಲುಗಾಡಿದ್ರೂ ಟ್ರೆಮರ್ ಅಂತಾರೆ. ಅಳು ತಡ್ಕೊಂಡು ಮಾತಾಡ್ತಾರಲ್ಲ, ಆ ದನಿಯಲ್ಲಿ ಇರೋದೂ ಅದೇ. ಡಾಕ್ಟರುಗಳು ಕೈ ನಡುಗೋದಕ್ಕೆ ಹೇಳ್ತಾರೆ. ಯಾಕೆ, ಯಾರಿಗೆ ಬಂತು?”

“ನನಗೆ,” ಅಂದ ಅಪ್ಪ.

ಮೇಷ್ಟ್ರ ಕಣ್ಣು ಕನ್ನಡಿಗೆ ಹೋಯಿತು. ಅವರ ಗಂಟಲಿನಿಂದ ಎರಡು ಬೆರಳು ದೂರದಲ್ಲಿ ಕತ್ತಿ ಅಲುಗುತ್ತಿತ್ತು. ಮೇಷ್ಟ್ರು ಉಗುಳು ನುಂಗುವುದಕ್ಕೂ ಹೆದರಿದರು. ಆದರೂ ಪುಣ್ಯಾತ್ಮ, ಕಣ್ಣು ಮುಚ್ಚಿ ಗದ್ದ ಎತ್ತಿದರು.

“ಮುಗಿಸಯ್ಯಾ. ಇಷ್ಟು ವರ್ಷ ನಿನ್ನ ಕೈಗೇ ಕತ್ತು ಕೊಟ್ಟಿದೀನಿ.”

ಅಪ್ಪ ಮುಗಿಸಿಯೇಬಿಡುತ್ತಾನೆ ಅಂದುಕೊಂಡೆ. ಆದರೆ ಅವನು ಕತ್ತಿಯನ್ನು ಬಟ್ಟೆಗೆ ಒರೆಸಿದ, ಹಿಡಿ ಮುಂದೆ ಮಾಡಿ ನನ್ನತ್ತ ಚಾಚಿದ.

“ಬಾ ಮಗಳೇ, ಮುಗಿಸು.” ದನಿಯಲ್ಲೂ ಮೇಷ್ಟ್ರು ಹೇಳಿದ ನಡುಕವೇ ಇತ್ತು.

“ಶುರು ಮಾಡಿದ ಕೈ…” ಅಂದೆ.

“ಬಾಯ್ಮುಚ್ಚು. ನೊರೆ ಒಣಗ್ತಿದೆ.”

ಬಲಗೆನ್ನೆಯನ್ನು ನಾನು ಮುಗಿಸಿದೆ. ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೊನೆಯವರೆಗೂ ಅಲ್ಲೇ ನಿಂತಿದ್ದ. ಅವು ನಡುಗುತ್ತಿದ್ದವೋ ಇಲ್ಲವೋ, ಕನ್ನಡಿಯಲ್ಲಿ ನನಗೆ ಕಾಣಲಿಲ್ಲ.