ತುಪ್ಪವಿಲ್ಲದ ಹುಗ್ಗಿ

1993ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಓದು ತಲೆಗೆ ಹತ್ತುತ್ತಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ಹತ್ತುತ್ತಿತ್ತು. ಕೈಗೆ ಕೆಲಸ ಬೇಕಾಗಿತ್ತು, ಅಷ್ಟೆ. ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರ ಪಕ್ಕ ಕೂತು ಕಲಿತದ್ದೇ ನನ್ನ ಪದವಿ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಮಲೇಷ್ಯಾದ ನಿಲಾಯ್‌ನಲ್ಲಿ ನನ್ನ ಅಂಗಡಿಯ ಹತ್ತಿರವೇ ವಿಶ್ವವಿದ್ಯಾಲಯವಿದೆ. ಡಾಕ್ಟರೇಟ್ ಮಾಡಿದವರು ದಿನಾ ಬೆಳಿಗ್ಗೆ ಇಡ್ಲಿಗಾಗಿ ನನ್ನ ಮುಂದೆ ಸಾಲು ನಿಲ್ಲುತ್ತಾರೆ. ಅವರ ಮುಂದೆ ನಾನು ಒಮ್ಮೆಯೂ ಸಾಲು ನಿಂತಿಲ್ಲ.

ಇಲ್ಲಿ ನನ್ನನ್ನು ಎಲ್ಲರೂ 'ಅಣ್ಣೆ' ಎಂದು ಕರೆಯುತ್ತಾರೆ. ತಮಿಳರಿಂದ ಬಂದ ಮಾತು. ಚೀನೀ ಹುಡುಗರೂ ಮಲಯ್ ಹುಡುಗಿಯರೂ ಹಾಗೆಯೇ ಕರೆಯುತ್ತಾರೆ. ಅಂಗಡಿ ಶುದ್ಧ ಸಸ್ಯಾಹಾರಿ. ಊರಿನಿಂದ ಹೊಸದಾಗಿ ಬಂದವರು ಮೊದಲು ನನ್ನ ಹತ್ತಿರ ಬರುತ್ತಾರೆ, ಹೊರಗೆ ಏನು ತಿನ್ನಬಹುದು ಎಂದು ಕೇಳುತ್ತಾರೆ. ನಾನು ಹೇಳುವುದು ಇಷ್ಟೆ. ಸೊಪ್ಪಿನ ಪಲ್ಯ ಹಸಿರಾಗಿದೆ ಎಂದು ನಂಬಬೇಡಿ, ಒಗ್ಗರಣೆಯಲ್ಲಿ ಸೀಗಡಿ ಅರೆದು ಹಾಕಿರುತ್ತಾರೆ, ಮೊದಲೇ ಕೇಳಿ. ಮಾಮಕ್ ಎಂದರೆ ತಮಿಳು ಮುಸ್ಲಿಮರ ಹೋಟೆಲು, ಅಲ್ಲಿ ರೊಟ್ಟಿ ಚನಾಯ್ ಎಂಬ ಪದರದ ಪರೋಟವನ್ನು ಬೆಳಿಗ್ಗೆ ತಿನ್ನಿ, ಸಾರು ಬೇರೆ ಬಟ್ಟಲಿನಲ್ಲಿ ಕೊಡಿ ಎನ್ನಿ. ದಾಲಿನ ಸೌಟು ಮೀನಿನ ಸಾರಿಗೂ ಹೋಗಿ ಬಂದಿರುತ್ತದೆ. ಬಾಳೆ ಎಲೆ ಊಟಕ್ಕೆ ಹನ್ನೆರಡೂವರೆಯೊಳಗೆ ಹೋಗಿ. ದೋಸೆಯನ್ನು ಮಾತ್ರ ಟಪಾವ್ ಮಾಡಿಸಬೇಡಿ. ಕಟ್ಟಿಸಿಕೊಂಡು ಹೋದ ದೋಸೆ ಪೊಟ್ಟಣದೊಳಗೇ ಬೆವರಿ ಸಾಯುತ್ತದೆ.

ಈ ದೇಶದಲ್ಲಿ ಬಹಳಷ್ಟು ಸಿಗುತ್ತದೆ, ಸಬ್ಬಸಿಗೆ ಸೊಪ್ಪು ಮಾತ್ರ ಬೇಕೆಂದಾಗ ಸಿಗುವುದಿಲ್ಲ. ಅದಿಲ್ಲದೆ ನನ್ನ ಶನಿವಾರದ ವಡೆ ಆಗುವುದಿಲ್ಲ. ಊರಿನಿಂದ ಬೀಜ ತರಿಸಿ ಅಂಗಡಿಯ ಹಿಂದೆ ಕುಂಡಗಳಲ್ಲಿ ಹಾಕಿದೆ. ಮೂರು ಸಲ ಸುಟ್ಟುಹೋಯಿತು, ನಾಲ್ಕನೆಯ ಸಲ ಹಿಡಿಯಿತು.

ಒಂದು ಶನಿವಾರ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರೊಬ್ಬರು ಹೆಂಡತಿಯ ಜೊತೆ ಬಂದರು. ಡಾಕ್ಟರು ಉಡುಪಿ ಕಡೆಯವರು. ಉಕ್ರೇನಿನಲ್ಲಿ ವೈದ್ಯಕೀಯ ಓದಿ, ಅಲ್ಲಿಯವರನ್ನೇ ಮದುವೆಯಾದವರು. ಆಕೆ ಕೆಲವು ವರ್ಷ ಉಡುಪಿಯಲ್ಲಿ ಅತ್ತೆಯ ಜೊತೆ ಇದ್ದು ಕನ್ನಡ ಕಲಿತಿದ್ದರು. ವಡೆ ಮುರಿದು ಮೂಸಿ ನೋಡಿದವರೇ ಎದ್ದು ನನ್ನ ಹತ್ತಿರ ಬಂದರು.

"ಇದು ಎಂತ ಸೊಪ್ಪು?"

"ಸಬ್ಬಸಗಿ ರೀ ಅಕ್ಕಾರ. ನಮ್ಮೂರಿಂದು."

"ನಿಮ್ಮೂರಿದ್ದು ಅಲ್ಲ. ನಮ್ಮೂರಿದ್ದು."

"ಅಲ್ರೀ, ಬೀಜಾ ನಾನ ತರಿಸೀನಿ."

"ನಮ್ಮ ಅಮ್ಮ ಇದನ್ನು ಆಲೂಗಡ್ಡೆಗೆ ಹಾಕ್ತಾರೆ, ಸೌತೆಕಾಯಿಗೆ ಹಾಕ್ತಾರೆ, ಸಾರಿಗೆ ಹಾಕ್ತಾರೆ. ನೀವು ವಡೆಗೆ ಮಾತ್ರ ಹಾಕ್ತೀರಿ. ಈಗ ಹೇಳಿ, ಯಾರದ್ದು?"

ಡಾಕ್ಟರು ಕೂತಲ್ಲಿಂದಲೇ ಕೂಗಿದರು: "ಸೋತೆ ಅಂತ ಹೇಳಿಬಿಡಿ ಮಾರಾಯ್ರೆ. ನಾನು ಇಪ್ಪತ್ತು ವರ್ಷದಿಂದ ಒಮ್ಮೆಯೂ ಗೆದ್ದದ್ದಿಲ್ಲ."

ಅಂದಿನಿಂದ ಪ್ರತಿ ಶನಿವಾರ ಅಕ್ಕನವರಿಗೆ ಒಂದು ಕಟ್ಟು ಸಬ್ಬಸಿಗೆ. ಬದಲಿಗೆ ಅವರು ನನಗೆ ಅಡುಗೆ ಹೇಳಿಕೊಟ್ಟರು. ಸಣ್ಣ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಬಿಸಿ ಇರುವಾಗಲೇ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಕೈತುಂಬ ಸಬ್ಬಸಿಗೆ ಹಾಕಿ ಮುಚ್ಚಿಟ್ಟು ಐದು ನಿಮಿಷ ಬಿಡಿ. ಒಗ್ಗರಣೆ ಬೇಡ, ಅರಿಸಿನವೂ ಬೇಡ. ಮನೆಯಲ್ಲಿ ಮಾಡಿ ನೋಡಿ, ಚಪಾತಿಗೆ ಇದರಷ್ಟು ಒಳ್ಳೆಯ ಜೋಡಿ ಇಲ್ಲ. ಅವರ ವರೇನಿಕಿ ಎಂದರೆ ನಮ್ಮ ಕಡುಬಿನ ಅಣ್ಣತಮ್ಮ, ಹೂರಣದ ಜಾಗದಲ್ಲಿ ಆಲೂಗಡ್ಡೆ. ಬೋರ್ಷ್ ಎಂದರೆ ಬೀಟ್‌ರೂಟಿನ ಸಾರು. ಅದರ ಹುಳಿಗೆ ನಾನು ಹುಣಸೆಹಣ್ಣು ಹಾಕಿದೆ. ಅಕ್ಕನವರು ಒಂದು ಚಮಚ ಕುಡಿದು, "ಇದು ರಸಂ" ಎಂದು ಬಟ್ಟಲನ್ನು ಹಿಂದೆ ತಳ್ಳಿದರು. ಬೀಟ್‌ರೂಟ್ ಹೋಳುಗಳನ್ನು ಉಪ್ಪು ನೀರಿನಲ್ಲಿ ನೆನೆಹಾಕಿ ಹುಳಿ ಬರಿಸಬೇಕಂತೆ. ಅವರ ಊರಿನಲ್ಲಿ ಒಂದು ವಾರ ಬೇಕು, ಇಲ್ಲಿಯ ಸೆಕೆಗೆ ಎರಡೇ ದಿನ. ಹಿಟ್ಟು ಹುಳಿ ಬರಿಸುವವನಿಗೆ ಅದನ್ನು ಎರಡು ಸಲ ಹೇಳಬೇಕಾಗಿಲ್ಲ.

ಅಕ್ಕನವರ ತಾಯಿ ಮೂರು ವರ್ಷದ ಹಿಂದೆ ಯುದ್ಧದಿಂದಾಗಿ ಮನೆ ಬಿಟ್ಟು ಮಗಳ ಬಳಿ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಎತ್ತರದ ಆಳು. ಅವರಲ್ಲಿ ಕ್ರಿಸ್‌ಮಸ್‌ನ ಹಿಂದಿನ ಸಂಜೆ ಒಂದು ದೊಡ್ಡ ಊಟವಿದೆ. ಬಂದ ಮೇಲೆ ಎರಡು ವರ್ಷವೂ ತಾಯಿ ಆ ಊಟಕ್ಕೆ ಕೂರಲಿಲ್ಲ. "ನನ್ನ ಮೇಜು ಅಲ್ಲಿದೆ" ಎಂದು ಹೇಳಿ, ಕೋಣೆಗೆ ಹೋಗಿ ಮಲಗುತ್ತಿದ್ದರಂತೆ. ಮೂರನೆಯ ವರ್ಷ, ಅಂದರೆ ಕಳೆದ ಡಿಸೆಂಬರಿನಲ್ಲಿ, ತಾವಾಗಿಯೇ ಬಾಯಿಬಿಟ್ಟರು. ಕೂರುತ್ತೇನೆ, ಆದರೆ ಎಲ್ಲ ಸರಿಯಾಗಿ ಇರಬೇಕು ಎಂದರು.

ಸರಿ ಎಂದರೆ ಏನು ಎಂದು ಅಕ್ಕನವರು ನನಗೆ ಬಿಡಿಸಿ ಹೇಳಿದರು. ಹನ್ನೆರಡು ಅಡುಗೆ. ಅದು ಉಪವಾಸದ ಊಟ, ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇರಬಾರದು, ಮೀನು ಮಾತ್ರ ನಡೆಯುತ್ತದೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಮೊದಲು ಕುತ್ಯಾ ಎಂಬ ಸಿಹಿ. ಮನೆಯ ಹಿರಿಯರು ಅದನ್ನು ಒಂದು ಚಮಚ ತಿನ್ನಬೇಕು, ಅಲ್ಲಿಯವರೆಗೆ ಯಾರೂ ಬೇರೆ ಯಾವುದನ್ನೂ ಮುಟ್ಟುವಂತಿಲ್ಲ.

"ಕುತ್ಯಾ ಸರಿ ಇಲ್ಲದಿದ್ರೆ ಅಮ್ಮ ಕೂತ್ಕೊಳ್ಳುದಿಲ್ಲ. ಈ ಸಲ ಕೂತ್ಕೊಳ್ಳದಿದ್ರೆ ಇನ್ನು ಮುಂದೆ ನಾನು ಕೇಳುದೂ ಇಲ್ಲ" ಎಂದರು ಅಕ್ಕನವರು.

"ಕುತ್ಯಾಕ್ಕ ಏನೇನ್ ಹಾಕ್ತಾರ್ರೀ?"

"ಇಡೀ ಗೋಧಿ. ಗಸಗಸೆ. ಜೇನುತುಪ್ಪ. ದ್ರಾಕ್ಷಿ."

"ಅಕ್ಕಾರ, ಅದು ನಮ್ಮ ಗೋಧಿ ಹುಗ್ಗಿ! ನಿದ್ದಿಗಣ್ಣಾಗ ಮಾಡ್ತೀನಿ, ಬಿಡ್ರಿ."

ಅವರ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇರುವುದು ಎರಡೇ ಒಲೆ. ಮೀನಿನ ಎರಡು ಅಡುಗೆ ಅವರ ಮನೆಯಲ್ಲಿ, ಉಳಿದ ಹತ್ತು ನನ್ನಲ್ಲಿ ಎಂದು ತೀರ್ಮಾನವಾಯಿತು. ಎರಡು ವಾರ ಮೊದಲು ತಾಯಿ ಬಂದು ನನ್ನ ಅಡುಗೆಮನೆಯನ್ನು ತಪಾಸಣೆ ಮಾಡಿದರು. ಡಬ್ಬಿಗಳ ಮುಚ್ಚಳ ತೆಗೆದು ಮೂಸಿದರು. ಒಲೆಯ ಪಕ್ಕದಲ್ಲಿದ್ದ ತುಪ್ಪದ ಡಬ್ಬಿಯ ಹತ್ತಿರ ನಿಂತು ಏನೋ ಹೇಳಿದರು.

"ಆ ದಿನ ಇದನ್ನು ಮೇಲಿನ ಕಪಾಟಿನಲ್ಲಿ ಇಡಬೇಕಂತೆ" ಎಂದರು ಅಕ್ಕನವರು.

ನಾನು ನಕ್ಕೆ. "ನನಗ ಹೇಳಬೇಕೇನ್ರೀ? ಮೂವತ್ತು ವರ್ಷಾತು ಸೌಟು ಹಿಡದು. ನನ್ನ ಮಾತು ನಂಬ್ರಿ ಅಂತ ಹೇಳ್ರಿ ಅಮ್ಮಾವ್ರಿಗೆ."

ಡಬ್ಬಿಯನ್ನು ಮೇಲಿಡಲಿಲ್ಲ.

ಇಪ್ಪತ್ತನಾಲ್ಕನೆಯ ತಾರೀಖು ಮಧ್ಯಾಹ್ನದ ಗಿರಾಕಿ ಮುಗಿಸಿ, ಒಲೆಗಳನ್ನೆಲ್ಲ ಅವರ ಅಡುಗೆಗೆ ಬಿಟ್ಟುಕೊಟ್ಟೆ. ಎಲೆಕೋಸಿನ ಎಲೆಯಲ್ಲಿ ಅನ್ನ, ಅಣಬೆ ಸುತ್ತಿದ್ದು ಬೆಂದಿತ್ತು. ಬೋರ್ಷ್ ರಕ್ತದ ಬಣ್ಣಕ್ಕೆ ಬಂದಿತ್ತು. ಹುರುಳಿಕಾಯಿ ಬೀಜದ ಪಲ್ಯ, ಒಣಹಣ್ಣಿನ ಪಾನಕ, ಎಲ್ಲ ಆಗಿತ್ತು. ಹುಗ್ಗಿಯನ್ನು ನಾನೇ ಮಾಡಿದೆ. ಗೋಧಿಯನ್ನು ಹಿಂದಿನ ದಿನವೇ ನೆನೆಹಾಕಿದ್ದೆ. ಹೊಟ್ಟು ಹೋಗುವಷ್ಟೇ ಕುಟ್ಟಬೇಕು, ಕಾಳು ಒಡೆಯಬಾರದು. ಗಸಗಸೆಯನ್ನು ಬಿಸಿನೀರಿನಲ್ಲಿ ನೆನೆಸದೆ ಅರೆದರೆ ಹಾಲು ಬಿಡುವುದಿಲ್ಲ. ಕಾಳು ಬೆಣ್ಣೆಯಂತೆ ಬೆಂದ ಮೇಲೆ ಗಸಗಸೆ, ಜೇನು, ದ್ರಾಕ್ಷಿ ಹಾಕಿ ಕೆಳಗಿಳಿಸಿದೆ. ಇಳಿಸಿದ ಹುಗ್ಗಿಗೆ ನಮ್ಮ ಕಡೆ ಏನು ಮಾಡುತ್ತಾರೋ ನನ್ನ ಕೈ ಅದನ್ನೇ ಮಾಡಿತು. ಎರಡು ಸೌಟು ತುಪ್ಪ. ಎರಡನೆಯದು ಬಿದ್ದು ಘಮ ಎದ್ದಾಗ ನನಗೆ ಗೊತ್ತಾಯಿತು.

ಆಗ ಗಂಟೆ ನಾಲ್ಕೂವರೆ.

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗಿ ನೋಡಿದಳು. "ಏನ್ ಮಾಡಿದ್ರಿ?"

"ಏನಿಲ್ಲ."

"ಏನಿಲ್ಲ ಅಂದ್ರ ಘಮಾ ಯಾಕ ಬರಾಕತ್ತೈತಿ?"

ಒಳಗೆ ನೆನೆದ ಗೋಧಿ ಒಂದು ಹಿಡಿಯೂ ಉಳಿದಿರಲಿಲ್ಲ. "ಸುಮ್ನಿರು. ತುಪ್ಪದ ವಾಸನಿ ಆ ಅಮ್ಮಾಗೇನ ಗೊತ್ತಾಗ್ತೈತಿ" ಎಂದೆ. ಹಾಗೆಂದು ಮುಚ್ಚಳವನ್ನೂ ಮುಚ್ಚಿದೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಐದು ನಿಮಿಷ ನಾನು ಹಾಗೇ ಕಳಿಸುವವನೇ ಆಗಿದ್ದೆ. ನನ್ನ ಕೈಯಿಂದ ಹೋದ ಅಡುಗೆ ಒಂದೂ ವಾಪಸ್ ಬಂದದ್ದಿಲ್ಲ, ಇದೂ ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಇಲ್ಲಿಗೆ ಬಂದ ಹನ್ನೊಂದು ವರ್ಷದಲ್ಲಿ ನನ್ನ ಹೆಂಡತಿಗೆ ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಹತ್ತಿಬಿಟ್ಟಿದೆ. "ಹೇಳ್ರಿ ಲಾ" ಎಂದಳು. "ಮೂವತ್ತು ವರ್ಷ ಸೌಟು ಹಿಡದೀನಿ ಅಂತ ಊರ ಮಂದಿಗೆಲ್ಲ ಹೇಳ್ತೀರಿ. ಇದನ್ನ ಹೇಳೂ ಮುಂದ ನಾಲಿಗಿ ಸಣ್ಣಾತೇನು? ನಂಬ್ರಿ ಅಂತ ಆ ಅಮ್ಮಾಗ ನೀವ ಹೇಳೀರಿ, ನಾ ಅಲ್ಲ."

ಫೋನ್ ಮಾಡಿದೆ. ಹೇಳಿದೆ. "ಅಮ್ಮನಿಗೆ ಹೇಳ್ತೇನೆ" ಎಂದು ಅಕ್ಕನವರು ಫೋನ್ ಇಟ್ಟುಬಿಟ್ಟರು. ಕಾಲು ಗಂಟೆಯಲ್ಲಿ ಅವರ ಕಾರು ಅಂಗಡಿಯ ಮುಂದೆ ಬಂದು ನಿಂತಿತು.

ತಾಯಿ ನೇರ ಒಳಗೆ ಬಂದು ಮುಚ್ಚಳ ತೆಗೆದು ಮೂಸಿದರು. ಎಷ್ಟು ಎಂದು ಕೈಯಲ್ಲಿ ಕೇಳಿದರು. ಸೌಟು ತೋರಿಸಿ ಎರಡು ಬೆರಳೆತ್ತಿದೆ. ಅವರು ನನ್ನ ಮುಖ ನೋಡುತ್ತಾ ಒಂದು ಉದ್ದ ಮಾತು ಹೇಳಿದರು.

ಅಕ್ಕನವರು ಕನ್ನಡಕ್ಕೆ ತಂದರು. "ಅಮ್ಮ ಹೇಳ್ತಾರೆ, ನೀವು ಯಾಕೆ ಹೇಳಿದ್ದು? ಗೊತ್ತಿಲ್ಲದೆ ತಿಂದಿದ್ರೆ ಪಾಪ ನಿಮ್ಮದಾಗ್ತಿತ್ತು. ಈಗ ಗೊತ್ತಾಯ್ತು, ತಿಂದ್ರೆ ಪಾಪ ಅವರದ್ದು."

ನಗಬೇಕೋ ಬೇಡವೋ ತಿಳಿಯಲಿಲ್ಲ. "ಹಂಗಾದ್ರ ಅಮ್ಮಾವ್ರು ಕೂಡೂದಿಲ್ಲೇನ್ರೀ?" ಎಂದು ಕೇಳಿದೆ.

ತಾಯಿಗೆ ಅದನ್ನು ಯಾರೂ ಅನುವಾದಿಸಲಿಲ್ಲ. ಅವರು ಆಗಲೇ ನನ್ನ ಏಪ್ರನ್ ಕಟ್ಟಿಕೊಂಡು ಡಬ್ಬಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಅಕ್ಕಿ ಬೇಡ, ರವೆ ಬೇಡ, ಹೆಸರುಬೇಳೆ ಬೇಡ. ಆರನೆಯ ಡಬ್ಬಿಯಲ್ಲಿ ಬಾರ್ಲಿ ಇತ್ತು. ಇಲ್ಲಿ ಎಲ್ಲ ಅಂಗಡಿಗಳಲ್ಲಿ ಬಾರ್ಲಿ ನೀರಿಗೆ ಐಸ್ ಹಾಕಿ ಮಾರುತ್ತಾರೆ, ನಾನೂ ಮಾರುತ್ತೇನೆ. ಅವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹೊರಳಿಸಿ ನೋಡಿ ಕುಕ್ಕರ್ ಕಡೆ ಬೆರಳು ತೋರಿಸಿದರು.

"ಗೋಧಿ ಇಲ್ಲದ ವರ್ಷ ಅಮ್ಮನ ಅಮ್ಮ ಬಾರ್ಲಿಯಲ್ಲಿ ಮಾಡ್ತಿದ್ರಂತೆ" ಎಂದರು ಅಕ್ಕನವರು. ಮುಖ ಸ್ವಲ್ಪ ಸಡಿಲವಾಗಿತ್ತು.

ಆಮೇಲಿನ ಒಂದೂವರೆ ಗಂಟೆ ನನ್ನ ಅಡುಗೆಮನೆಯಲ್ಲಿ ನಾನು ಕೆಲಸದವನು. ಗಸಗಸೆ ಮತ್ತೆ ನೆನೆಸು ಎಂದರು, ನೆನೆಸಿದೆ. ಅರೆದದ್ದು ನುಣ್ಣಗಾಗಿಲ್ಲ ಎಂದು ಬೆರಳಲ್ಲಿ ಉಜ್ಜಿ ತೋರಿಸಿದರು, ಮತ್ತೆ ಅರೆದೆ. ಸೌಟನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆಸಿದರು. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹುಬ್ಬಳ್ಳಿ ಬಿಟ್ಟ ಮೇಲೆ ನನಗೆ ಯಾರೂ ಹಾಗೆ ಕೆಲಸ ಹೇಳಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಹೆಂಗಸಿಗೆ ಕೆಲಸ ಬರುತ್ತಿತ್ತು, ನನಗೆ ಅದು ಸಾಕು.

ಪಾತ್ರೆಗಳನ್ನು ಹೊತ್ತುಕೊಂಡು ನಾವಿಬ್ಬರೂ ಅವರ ಮನೆಗೆ ಹೋದೆವು. ಮೇಜಿನ ಸುತ್ತ ಹನ್ನೊಂದು ಜನ, ಅವರ ದೇಶದವರೇ ಹೆಚ್ಚು. ಬಾಲ್ಕನಿಯಿಂದ ನೋಡಿದರೆ ಡಿಸೆಂಬರಿನ ಮೋಡ, ನಕ್ಷತ್ರ ಎಲ್ಲಿಂದ ಬರಬೇಕು? ಕಾದು ಕಾದು ಯಾರೋ ಬೆಳಕೊಂದನ್ನು ತೋರಿಸಿದರು.

"ಅದು ಏರ್‌ಪೋರ್ಟಿಗೆ ಇಳಿಯುವ ವಿಮಾನ ಮಾರಾಯ್ರೆ" ಎಂದರು ಡಾಕ್ಟರು.

ತಾಯಿ ಇಣುಕಿ ನೋಡಿ ಏನೋ ಅಂದರು, ಎಲ್ಲರೂ ನಕ್ಕರು. ಮೇಲೆ ಇದೆ, ಹೊಳೆಯುತ್ತಿದೆ, ಮಕ್ಕಳಿಗೆ ಹಸಿವಾಗಿದೆ, ಸಾಕು ಎಂದರಂತೆ. ತುಪ್ಪಕ್ಕೆ ಒಪ್ಪದವರು ವಿಮಾನಕ್ಕೆ ಒಪ್ಪಿದರು.

ಆಮೇಲೆ ಕುರ್ಚಿ ಎಳೆದು ಕೂತರು. ಬಾರ್ಲಿಯ ಕುತ್ಯಾವನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದರು. ಅಕ್ಕನವರು ಅವರನ್ನೇ ನೋಡುತ್ತಿದ್ದರು, ನಾನೂ. ತಾಯಿ ಚಮಚ ಕೆಳಗಿಟ್ಟು ಬಟ್ಟಲನ್ನು ಪಕ್ಕದವರಿಗೆ ದಾಟಿಸಿದರು. ಅಷ್ಟೇ. ಅಕ್ಕನವರು ಎದ್ದು ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಮರುದಿನ ಬೆಳಿಗ್ಗೆ ಅಂಗಡಿ ತೆಗೆದು ಹತ್ತು ನಿಮಿಷವಾಗಿರಲಿಲ್ಲ, ತಾಯಿ ಮಗಳು ಬಂದು ಕೂತರು. ಉಪವಾಸ ಮುಗಿದಿತ್ತು. ನಿನ್ನೆಯ ಹುಗ್ಗಿ ಎಲ್ಲಿ ಎಂದು ಕೇಳಿದರು. ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡಿ ಕೊಟ್ಟೆ. ತಾಯಿ ಎರಡು ಬಟ್ಟಲು ತಿಂದು, ಖಾಲಿ ಬಟ್ಟಲನ್ನು ನನ್ನತ್ತ ಚಾಚಿದರು.

"ಇನ್ನೂ ತುಪ್ಪ ಹಾಕಬೇಕಂತೆ" ಎಂದರು ಅಕ್ಕನವರು. "ನಿನ್ನೆ ನೀವು ಜಿಪುಣತನ ಮಾಡಿದ್ರಂತೆ."

ಮುಂದಿನ ಡಿಸೆಂಬರಿಗೂ ಕೂರುತ್ತೇನೆ ಎಂದು ಹೇಳಿಯೇ ಎದ್ದರು. ಗೋಧಿಯನ್ನು ಎರಡು ಪಾತ್ರೆಯಲ್ಲಿ ನೆನೆಹಾಕು, ಒಂದು ಸಂಜೆಗೆ, ಒಂದು ಮರುದಿನದ ತುಪ್ಪಕ್ಕೆ ಎಂದೂ ಹೇಳಿದರು.

ಈಗ ನನ್ನ ಬಳಿ ಇರುವುದು ಇಷ್ಟು: ಅಂಗಡಿ ಒಂದು, ಮೇಜು ಒಂಬತ್ತು, ಒಲೆ ನಾಲ್ಕು, ಕೆಲಸಕ್ಕೆ ಮೂವರು, ಉಕ್ರೇನಿನ ಅಡುಗೆ ಹತ್ತು, ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಬರೆದಿಟ್ಟುಕೊಂಡ ಊಟ ಹದಿನಾರು ಜನರದ್ದು.