ತಂಬಿಗೆಯ ಕಂಠದಲ್ಲೊಂದು ಕೆರೆ

ಹಿತ್ತಾಳೆಯ ತಂಬಿಗೆಯಲ್ಲಿ ಕಾಣುವ ಮುಖವನ್ನು ಯಾರೂ ನಂಬಬಾರದು. ಅಲ್ಲಿ ಮೂಗಿಗೆ ಅದರ ಯೋಗ್ಯತೆಗೆ ಮೀರಿದ ಗೌರವ ಸಲ್ಲುತ್ತದೆ. ಶಹಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತನಾದ ನನ್ನ ಮೂಗು ಆ ಬೆಳಿಗ್ಗೆ ಎಂದಿಲ್ಲದಷ್ಟು ನಿಚ್ಚಳವಾಗಿ ಕಂಡದ್ದೇ ಅನುಮಾನಕ್ಕೆ ಮೂಲ. ಬರಿಯ ಹುಣಸೆಹಣ್ಣಿಗೆ ಈ ಹೊಳಪು ಎಲ್ಲಿಂದ ಬರಬೇಕು, ನೀವೇ ಹೇಳಿ.

“ನಿಮ್ಮ ಮೇಜಿನ ಕೆಳಗ ಡಬ್ಬಿಯೊಳಗ ಬಿಳಿ ಮಣ್ಣಿತ್ತಲ್ರಿ, ಅದರಲೇ ತಿಕ್ಕೀನಿ. ಪೂರಾ ಮುಗೀತು,” ಎಂದಳು ನನ್ನವಳು.

ಆ ಮಣ್ಣು ಪಕ್ಕದ ಮನೆಯ ಮಾಬೂಸಾಬರದು. ಜೀವಮಾನವೆಲ್ಲ ಬಾವಿ ತೋಡಿದ ಅವರು ವಡಗೇರಾ ಕಡೆಯ ಹೊಲವೊಂದರ ಬಾವಿಯ ಆಳದಿಂದ ಅದನ್ನು ತಂದು, ಅಲ್ಲೊಂದು ಕಾಲಕ್ಕೆ ಕೆರೆಯಿತ್ತೆಂದು ಸಾರಿದ್ದರು. ಬೆಟ್ಟ ಅಗೆದು ಇಲಿ ಹಿಡಿಯುವವರ ಲೋಕ ಬಾವಿ ತೋಡಿ ಕೆರೆ ಹಿಡಿದವರನ್ನು ಸುಮ್ಮನೆ ಬಿಟ್ಟೀತೆ? ‘ಕೆರಿಸಾಬ’ ಎಂದು ಹೆಸರಿಟ್ಟು ನಕ್ಕಿತು. ಪರೀಕ್ಷಿಸಿ ಹೇಳಿರೆಂದು ಅವರು ಡಬ್ಬಿಯನ್ನು ನನಗೆ ಕೊಟ್ಟರು. ‘ನಾಳೆ’ ಎಂಬುದು ನನ್ನ ಕುಲದೇವತೆ. ಎರಡು ವರ್ಷ ಅದನ್ನೇ ಆರಾಧಿಸಿದೆ. ಅಷ್ಟರಲ್ಲಿ ಬಾವಿಗೆ ಕಲ್ಲು ಕಟ್ಟಿ ನೀರು ತುಂಬಿ ಆ ಮಣ್ಣು ಮತ್ತೆ ಕೈಗೆಟುಕದಾಯಿತು, ಮಾಬೂಸಾಬರು ತೀರಿಕೊಂಡರು. ಹಿಂದಿನ ದಿನವಷ್ಟೇ ಅವರ ಹೆಂಡತಿ ಖಾಜಾಬಿ ನಮ್ಮ ಬಾಗಿಲಲ್ಲಿ ನಿಂತು ಕೇಳಿದ್ದರು: “ಸರ, ನಮ್ಮವರು ಹೇಳಿದ್ದು ಖರೇನೋ ಸುಳ್ಳೋ, ಅಷ್ಟ ಹೇಳ್ರಿ.”

ಹೆಂಡತಿಯ ಮೇಲೆ ರೇಗಲು ಬಾಯಿ ತೆರೆದವನಿಗೆ ಆ ಹೊಳಪೇ ಬುದ್ಧಿ ಹೇಳಿತು. ನೀರಿನಲ್ಲಿ ಬಾಳುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಗಾಜಿನಂಥ ಚಿಪ್ಪು ತೊಟ್ಟಿರುತ್ತವೆ. ಸತ್ತು ತಳ ಸೇರಿ ಯುಗಗಳುರುಳಿದರೂ ಆ ಚಿಪ್ಪುಗಳು ಮಣ್ಣಿನಲ್ಲಿ ಉಳಿಯಬಲ್ಲವು, ಲೋಹವನ್ನು ಬೆಳಗಬಲ್ಲವು. ತಂಬಿಗೆಯ ಕಂಠದ ಸಂದಿನಲ್ಲಿ ಚಿಟಿಕೆಯಷ್ಟು ಬಿಳುಪು ಇನ್ನೂ ಅಂಟಿತ್ತು. ಸೂಜಿಯಿಂದ ಕೆರೆದೆ, ಕೆರೆದಾಗ ಕೆರೆಯೇ ಸಿಕ್ಕಿತು! ಮನೆಯಲ್ಲಿದ್ದ ನನ್ನ ಹಳೆಯ ಸೂಕ್ಷ್ಮದರ್ಶಕದ ಕೆಳಗೆ ಕಲ್ಲಿಗೋ ಗಿಡಕ್ಕೋ ಅಂಟಿ ಬಾಳುವ ಜಾತಿಯವು ಬೆರಳೆಣಿಕೆಯಷ್ಟು, ನಿಂತ ನೀರಿನಲ್ಲಿ ತೇಲುವ ದುಂಡನೆಯವು ರಾಶಿರಾಶಿ. ಹರಿಯುವ ಹಳ್ಳದಲ್ಲಿ ಅವು ಇಷ್ಟು ದೊಡ್ಡ ಸಂಸಾರ ಹೂಡುವುದಿಲ್ಲ.

ಖಾಜಾಬಿಯನ್ನು ಕರೆಸಿ, ಮಣ್ಣು ಕಳೆದ ತಪ್ಪನ್ನೂ ಒಪ್ಪಿಕೊಂಡು, ನೋಡಲು ಹೇಳಿದೆ.

“ಕಣ್ಣಾಗ ನೀರ ಬಂದಾವ್ರಿ ಸರ, ಏನೂ ಕಾಣವಲ್ದು.” ಸೆರಗಿನಿಂದ ಒರೆಸಿಕೊಂಡು ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದರು. “ಕೆರಿಸಾಬ ಅಂದವರ ಕೂಡ ಜಗಳಾ ಮಾಡತಿದ್ದೆ. ಇನ್ನ ಮ್ಯಾಲ ಹಂಗ ಅನ್ರಿ ಅಂತೀನಿ. ಒಂದೀಟು ಲಗೂನ ನೋಡಿದ್ರ, ಅವರೂ ಕೇಳತಿದ್ರು.”

ಕುಡಿಯಲು ಅದೇ ತಂಬಿಗೆಯಲ್ಲಿ ನೀರು ತಂದುಕೊಟ್ಟೆ. ಕೊಡುವಾಗ ಅದರಲ್ಲಿ ಮತ್ತೆ ನನ್ನ ಮುಖ ಕಂಡಿತು. ಮೂಗು ಅಷ್ಟೇ ದೊಡ್ಡದಿತ್ತು. ತಲೆ ಮಾತ್ರ ತಗ್ಗಿತ್ತು.