ನೀರು ಕುಡಿಯದ ಇಂಜಿನ್ನು, ದೊಡ್ಡಮಲ್ಲಮ್ಮನವರ ಹಂಡೆ

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಮೂರು ಕಡೆ ತಗಡು, ಒಂದು ಕಡೆ ಬಯಲು ಇರುವ ಒಂದು ಶೆಡ್ಡಿದೆ. ಅದರ ಯಜಮಾನ ಬೆಳಗ್ಗೆ ಬಂದವನೇ ಮೊದಲು ಮಾಡುವ ಕೆಲಸವೆಂದರೆ ಒಂದು ಹಿತ್ತಾಳೆ ಚೆಂಬನ್ನು ಹುಳಿಮಣ್ಣಿನಿಂದ ಬೆಳಗಿ, ನೀರು ತುಂಬಿ, ಹೊರಗಿನ ಕಲ್ಲಿನ ಮೇಲೆ ಇಡುವುದು. ಹಾದುಹೋಗುವ ಯಾರು ಬೇಕಾದರೂ ಅದನ್ನೆತ್ತಿ ಕುಡಿಯಬಹುದು. ಆಮೇಲೆಯೇ ಅವನು ಸ್ಪ್ಯಾನರನ್ನು ಮುಟ್ಟುತ್ತಾನೆ. ಅವನ ಹೆಸರು ಮಾದೇವ. ನನಗಿಂತ ಕಿರಿಯನಾದ್ದರಿಂದ ಏಕವಚನದಲ್ಲೇ ಕರೆಯುತ್ತೇನೆ. ಗೌರವ ಕಡಿಮೆಯೆಂದು ಯಾರೂ ತಿಳಿಯಬಾರದು. ಶ್ರಾವಣದ ಪ್ರವಚನದಲ್ಲಿ ದಾಸೋಹದ ಮಾತು ಬಂದಾಗಲೆಲ್ಲ ನಾನು ಪುರಾಣವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಈ ಚೆಂಬಿನ ಕಥೆಯನ್ನೇ ಹೇಳುವವನು.

ಮಾದೇವ ಭೀಮನಬೀಡಿನ ಕೂಲಿ ಮನೆತನದವನು. ತಾಯಿ ಸಣ್ಣತಾಯಮ್ಮ ಪರರ ಹೊಲದಲ್ಲಿ ಕಳೆ ಕಿತ್ತು ಅವನನ್ನು ಸಾಕಿದಳು. ಮೀಸೆ ಮೂಡುವ ವಯಸ್ಸಿಗೆ ಅವನು ಲಾರಿಯೊಂದರಲ್ಲಿ ಕ್ಲೀನರ್ ಆಗಿ ಸೇರಿ ಬಂಡೀಪುರದ ಕಾಡು, ನೀಲಗಿರಿಯ ತಿರುವುಗಳು, ಚಾಮರಾಜನಗರದ ರೇಷ್ಮೆ ಮಂಡಿ ಎಲ್ಲವನ್ನೂ ಕಂಡ. ಲಾರಿ ಕೆಟ್ಟು ನಿಂತಲ್ಲೇ ರಿಪೇರಿಯನ್ನೂ ಕಲಿತು, ಮುಂದೆ ಈ ಶೆಡ್ಡು ಹಾಕಿದ. ಆದರೆ ಆ ಕ್ಲೀನರ್ ದಿನಗಳಲ್ಲಿ ದಾರಿಯುದ್ದಕ್ಕೂ ಅವನಿಗೆ ನೀರು ಸಿಗುತ್ತಿದ್ದ ರೀತಿ ಒಂದೇ. ಅವನು ಬಗ್ಗಿ ಬೊಗಸೆಯೊಡ್ಡಬೇಕು. ಕೊಡುವವರು ಎತ್ತರದಿಂದ ಹುಯ್ಯಬೇಕು. ಹಾಗೆ ಕುಡಿದ ನೀರು ಅರ್ಧ ಮೊಳಕೈಯಿಂದಲೇ ಇಳಿದುಹೋಗುತ್ತಿತ್ತು.

ತೆರಕಣಾಂಬಿಯ ಹೊರಗೆ, ಚಾಮರಾಜನಗರದ ರಸ್ತೆಯಲ್ಲಿ, ಹೊಂಗೆಮರದ ಕೆಳಗೆ ಒಂದು ಅರವಟ್ಟಿಗೆ ಇತ್ತು. ಒಕ್ಕಲುತನದ ದೊಡ್ಡ ಮನೆಯ ದೊಡ್ಡಮಲ್ಲಮ್ಮನವರು ತಮ್ಮ ಗಂಡನ ನೆನಪಿಗೆ ಅದನ್ನು ನಡೆಸುತ್ತಿದ್ದರು. ಬೇರೆಯವರ ಅರವಟ್ಟಿಗೆಗಳು ಬೇಸಿಗೆಗೆ ಮಾತ್ರ, ಇವರದು ವರ್ಷವಿಡೀ. ಮಾದೇವ ಮೊದಲ ಸಲ ಅಲ್ಲಿ ಇಳಿದು ವಾಡಿಕೆಯಂತೆ ಬಗ್ಗಿ ಬೊಗಸೆಯೊಡ್ಡಿದಾಗ ಆ ತಾಯಿ ಗದರಿದರಂತೆ.

“ಏನ್ಲಾ ಅದು, ಕೋಳಿ ಕುಡ್ಯೋ ಅಂಗೆ? ನೆಟ್ಟಗೆ ನಿಂತ್ಕೊಂಡು ಇಸ್ಕೊ.”

ಹಾಗೆಂದು ಚೆಂಬನ್ನೇ ಅವನ ಕೈಗಿತ್ತರು. ತನ್ನ ಮನೆಯ ಹೊರಗೆ, ತನ್ನದಲ್ಲದ ಚೆಂಬೊಂದನ್ನು ಮಾದೇವ ಕೈಯಲ್ಲಿ ಹಿಡಿದದ್ದು ಅದೇ ಮೊದಲು. ನಾನು ಶಿವಭಕ್ತಿಯ ಬಗ್ಗೆ ವರ್ಷಗಟ್ಟಲೆ ಮಾತಾಡಿದ್ದೇನೆ; ಆ ತಾಯಿ ಅದನ್ನು ಒಂದು ಗದರಿಕೆಯಲ್ಲಿ ಮಾಡಿ ಮುಗಿಸಿದ್ದರು.

ಮನುಷ್ಯರಿಗೆ ಮಾತ್ರವಲ್ಲ, ಅವರು ಎತ್ತುಗಳಿಗೂ ನೀರು ಕೊಡುತ್ತಿದ್ದರು, ಲಾರಿಗಳಿಗೂ ಕೊಡುತ್ತಿದ್ದರು. ಹೊಗೆಯಾಡುತ್ತ ಬಂದು ನಿಂತ ಲಾರಿಯ ಮೂತಿಯ ಮುಚ್ಚಳ ತೆಗೆದು ಎಷ್ಟು ಹುಯ್ಯಬೇಕೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಡ್ರೈವರುಗಳು ಮರದಡಿ ಅಡ್ಡಾಗಿದ್ದರೆ ಅವರನ್ನು ಎಬ್ಬಿಸದೆ ತಾವೇ ಹುಯ್ದು ಬರುವುದೂ ಉಂಟು. ಈ ಒಳ್ಳೆಯ ಅಭ್ಯಾಸವೇ ಒಮ್ಮೆ ಅವರನ್ನು ಪರೀಕ್ಷೆಗೆ ಒಡ್ಡಿತು.

ಐವತ್ತೇಳನೆಯ ಇಸವಿಯ ಸಂಕ್ರಾಂತಿ ಕಳೆದಿತ್ತು. ಚಾಮರಾಜನಗರದ ರೇಷ್ಮೆ ವರ್ತಕರ ಮನೆಯ ಗಂಗಾಧರಸ್ವಾಮಿಯವರು ನೀಲಗಿರಿಯಿಂದ ಒಂದು ಕಾರು ಕೊಂಡು ತಂದಿದ್ದರು. ಟೀ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿದ್ದು. ಯುದ್ಧಕ್ಕೂ ಹಿಂದಿನ ಗಾಡಿ. ಬೆಟ್ಟ ಹತ್ತುವ ಪಂದ್ಯಗಳಿಗೆಂದೇ ಕಟ್ಟಿದ್ದ ಇಂಜಿನ್ನು. ಅಂಥದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಇಂಜಿನ್ನು ಇದ್ದದ್ದು ಹಿಂದೆ, ಸಾಮಾನು ಇಡುವ ಜಾಗ ಮುಂದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಅದಕ್ಕೆ ನೀರೇ ಬೇಡ. ಸಿಲಿಂಡರುಗಳ ಸುತ್ತ ಸೊಪ್ಪಿನ ಎಸಳುಗಳ ಹಾಗೆ ತೆಳುವಾದ ಲೋಹದ ರೆಕ್ಕೆಗಳು. ಒಂದು ಫ್ಯಾನು ಅವುಗಳ ನಡುವೆ ಗಾಳಿ ನೂಕಿ ಬಿಸಿಯನ್ನು ತೆಗೆಯುತ್ತಿತ್ತು.

ಸ್ವಾಮಿಯವರು ಆ ದಿನ ಅದನ್ನು ಓಡಿಸಿಕೊಂಡು ಗುಂಡ್ಲುಪೇಟೆಗೆ ಹೊರಟರು. ಆಗ ಹುರುಳಿ ಒಕ್ಕಣೆಯ ಕಾಲ. ನಮ್ಮ ರೈತರು ಹುರುಳಿ ಗಿಡಗಳನ್ನು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹಾದರೆ ಕಾಳು ತಾನೇ ಉದುರುತ್ತದೆ. ದಾರಿಯುದ್ದಕ್ಕೂ ಅಂಥ ಹಾಸುಗಳು. ಕಾರು ಒಂದೊಂದನ್ನೂ ತುಳಿದು, ಹೊಟ್ಟನ್ನು ಎಬ್ಬಿಸಿ, ಎಬ್ಬಿಸಿದ ಹೊಟ್ಟನ್ನು ಫ್ಯಾನಿನಿಂದ ಒಳಕ್ಕೆ ಎಳೆದುಕೊಂಡಿತು. ತೆರಕಣಾಂಬಿ ತಲುಪುವ ಹೊತ್ತಿಗೆ ಇಂಜಿನ್ನು ಕಾದು, ಸೊರಗಿ, ಹೊಂಗೆಮರದ ಬಳಿ ನಿಂತಿತು. ಸ್ವಾಮಿಯವರು ನೀರು ಕುಡಿದು, ಬಸ್ಸು ಹತ್ತಿ, ಮಾದೇವನನ್ನು ಕರೆತರಲು ಹೋದರು.

ಅವರು ಅತ್ತ ಹೋದ ಮೇಲೆ ದೊಡ್ಡಮಲ್ಲಮ್ಮನವರು ಕಾರಿನ ಹತ್ತಿರ ಬಂದರು. ಬಿಸಿ ಹೊಡೆಯುತ್ತಿತ್ತು. ಮುಂದಿನ ಮುಚ್ಚಳ ತೆರೆದರೆ ಒಂದು ಹಾಸಿಗೆ ಸುರುಳಿ. ಹಿಂದೆ ಹೋಗಿ ತೆರೆದರು. ಇಂಜಿನ್ನು ಅಲ್ಲಿತ್ತು, ಅದರ ಮೇಲೊಂದು ದುಂಡನೆಯ ಮುಚ್ಚಳವೂ ಇತ್ತು. ಅದು ಎಣ್ಣೆ ಹುಯ್ಯುವ ಬಾಯಿ. ಆ ತಾಯಿ ಅದರಲ್ಲಿ ಚೆಂಬಿನಿಂದ ನೀರು ಹುಯ್ದು, ಮುಚ್ಚಳ ತಿರುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದರು. ದಿನವೂ ಮಾಡುವ ಕೆಲಸವಾದ್ದರಿಂದ ಯಾರಿಗೂ ಹೇಳಲಿಲ್ಲ.

ಮಾದೇವ ಬಂದಾಗ ಇಂಜಿನ್ನು ತಣಿದಿತ್ತು. ಲಾರಿಯಾಗಿದ್ದರೆ ಮೊದಲು ನೀರು ನೋಡುತ್ತಿದ್ದ. ಇದಕ್ಕೆ ನೀರಿಲ್ಲವೆಂದು ಸ್ವಾಮಿಯವರು ಹೇಳಿದ್ದರಿಂದ ಏನನ್ನೂ ನೋಡಲಿಲ್ಲ. ಎಣ್ಣೆಯ ಅಳತೆಕಡ್ಡಿಯನ್ನು ಎಳೆಯುವುದೂ ಹೊಳೆಯಲಿಲ್ಲ. ಚಾಲೂ ಮಾಡಿದರು, ಹೊರಟರು. ಊರು ದಾಟುವಷ್ಟರಲ್ಲಿ ಒಳಗಿನಿಂದ ಕುಟ್ಟಾಣಿಯಲ್ಲಿ ಕುಟ್ಟಿದಂಥ ಸದ್ದು ಎದ್ದು ಎಲ್ಲವೂ ಕಚ್ಚಿಕೊಂಡು ನಿಂತಿತು.

ಎತ್ತು ಕಟ್ಟಿ ಕಾರನ್ನು ಶೆಡ್ಡಿಗೆ ಎಳೆತಂದರು. ಅಡಿಯ ತಿರುಪು ಬಿಚ್ಚಿದಾಗ ಎಣ್ಣೆ ಕಪ್ಪಗೆ ಬರಲಿಲ್ಲ, ಮಜ್ಜಿಗೆಯ ಹಾಗೆ ಬೆಳ್ಳಗೆ ಬಂತು. ಅಲ್ಲೇ ಬೀಡಿ ಸೇದುತ್ತಿದ್ದ ಲಾರಿ ಡ್ರೈವರ್ ಪುಟ್ಟಬಸಪ್ಪ ಬಗ್ಗಿ ನೋಡಿದ.

“ನೀರೇ ಕುಡಿಯಾಕಿಲ್ಲ ಅಂದ್ರಲ್ಲ ಸಾವ್ಕಾರ್ರೆ? ಶಿವರಾತ್ರಿ ಇನ್ನೂ ದೂರ ಅದೆ, ಪಾಪ, ಉಪಾಸ ತಡೀನಾರ್ದೆ ಕದ್ದು ಕುಡಿದ್ಬುಟ್ಟದೆ.”

ಸ್ವಾಮಿಯವರಿಗೂ ನಗು ಬಂತು. ಮಾದೇವ ಮಾತ್ರ ನಗಲಿಲ್ಲ. ಆ ನೀರು ಯಾವ ಕೈಯಿಂದ ಬಂತೆಂದು ಅವನಿಗೆ ಹೊಳೆದಿತ್ತು. ಮರುದಿನ ತೆರಕಣಾಂಬಿಗೆ ಹೋಗಿ ಕೇಳಿದ.

“ಊಂ ಕಣ್ಲಾ, ನಾನೇ ಉಯ್ದೆ. ಎಷ್ಟು ಕಾದಿತ್ತು ಅಂತೀಯ. ಈಗ ಸರ್ಯಾಗಿ ಓಡ್ತಾ ಅದಾ?”

ಇಲ್ಲವೆಂದು ಮಾದೇವನ ಮುಖವೇ ಹೇಳಿತು. ಆ ತಾಯಿ ಕೇಳಿ ಕೇಳಿ ವಿಷಯವನ್ನೆಲ್ಲ ಹೊರಡಿಸಿದರು. ಅಂದೇ ಸಂಜೆ ಅರವಟ್ಟಿಗೆಯ ನೀರಿನ ಗುಡಾಣಗಳನ್ನು ಬೋರಲು ಹಾಕಿ ಮನೆಗೆ ಹೋದರು. ನಾನೂ ಹೋಗಿ ಸಮಾಧಾನ ಹೇಳಿದೆ.

“ಬುಡಿ ಅಯ್ನೋರೆ. ಕೊಟ್ಟ ನೀರು ಇನ್ನೊಬ್ಬರ ಮನೆ ಹಾಳು ಮಾಡ್ತು ಅಂದ್ರೆ, ನನ್ನ ಕೈದು ಸಾಕು ಅಂತ ಶಿವ ಅಂದಂಗಲ್ವಾ?” ಎಂದರು.

ಶಿವರಾತ್ರಿಗೆ ಆ ರಸ್ತೆಯಲ್ಲಿ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರು ಬರುತ್ತಾರೆ. ಅವರಿಗೆ ತೆರಕಣಾಂಬಿಯ ಚೆಂಬು ಇರುವುದಿಲ್ಲವೆಂಬ ಮಾತು ಊರೂರಿಗೆ ಹಬ್ಬಿತು. ಮಾದೇವ ಸ್ವಾಮಿಯವರ ಮುಂದೆ ನಿಂತು, “ಈ ಇಂಜಿನ್ನ ನಾನು ಕಟ್ತೀನಿ. ಅದು ಓಡಿದ್ರೇನೇ ಅವ್ವ ಗುಡಾಣ ಎತ್ತಿ ಮಡಗೋದು” ಎಂದ.

“ನಂಗೂ ಕಲಿಸ್ಕೊಂಡು ಕಟ್ಟೋದಾದ್ರೆ ಕಟ್ಟು. ನಾನೂ ಬತ್ತೀನಿ” ಎಂದರು ಸ್ವಾಮಿಯವರು. ಆ ಸಾಹುಕಾರರು ಒಮ್ಮೆಯೂ ಆ ಮುದುಕಿಯನ್ನು ದೂರಲಿಲ್ಲ. ಅದಕ್ಕಾಗಿ ನಾನು ಇಂದಿಗೂ ಅವರನ್ನು ನೆನೆಯುತ್ತೇನೆ.

ಇಬ್ಬರೂ ಸೇರಿ ಇಂಜಿನ್ನನ್ನು ಬಿಚ್ಚಿದರು. ಅದರ ಹೊಟ್ಟೆ ಎರಡು ಹೋಳಾಗಿ, ಬಿಡಿಸಿದ ಅವರೆಕಾಯಿಯಂತೆ ತೆರೆದುಕೊಂಡಿತು. ನೀರು ಬೆರೆತ ಎಣ್ಣೆಯಲ್ಲಿ ತಿರುಗಿ ಬೇರಿಂಗುಗಳು ಸವೆದುಹೋಗಿದ್ದವು. ಆದರೆ ಸಿಲಿಂಡರುಗಳ ರೆಕ್ಕೆಗಳ ನಡುವೆ ಹುರುಳಿ ಹೊಟ್ಟು ಗೋಡೆಗೆ ಮೆತ್ತಿದಂತೆ ಗಟ್ಟಿಯಾಗಿತ್ತು. ಎರಡು ಪಿಸ್ಟನ್ನುಗಳು ಬಿಸಿಗೆ ಗೀರಿಹೋಗಿದ್ದದ್ದು ನೀರು ಬೀಳುವುದಕ್ಕೂ ಮೊದಲೇ. ಸ್ವಾಮಿಯವರಿಗೆ ಹಿಗ್ಗಾಯಿತು.

“ನೋಡು ಮಾದೇವ, ಎಲ್ಲಾ ಹೊಟ್ಟಿಂದ್ಲೇ ಆಗಿದ್ದು, ನೀರಿಂದ ಏನೂ ಆಗ್ಲಿಲ್ಲ ಅಂತ ಅವ್ವನಿಗೆ ಹೇಳ್ಬುಡು.”

“ಹೇಳ್ಬೋದು ಸಾವ್ಕಾರ್ರೆ. ಅವ್ವ ನಂಬ್ತಾರೆ. ನಾಳೆ ಇನ್ನೊಂದು ಗಾಡಿಗೂ ಅಂಗೇ ಉಯ್ತಾರೆ.”

ನೋಡಿ, ಪ್ರೀತಿಯಿದ್ದವನು ಸುಳ್ಳಿನ ಸುಲಭವನ್ನು ಹೇಗೆ ಬಿಟ್ಟ. ಅಳತೆಕಡ್ಡಿ ನೋಡದ ತನ್ನ ಪಾಲನ್ನೂ ಅವನು ಬಚ್ಚಿಡಲಿಲ್ಲ.

ಕೆಲಸ ಸಾಗಿತು. ಬೇರಿಂಗುಗಳಿಗೆ ಹೊಸ ಲೋಹ ಎರೆಸಿ ಲೇತಿನಲ್ಲಿ ಕಡೆಸಲು ಮೈಸೂರಿಗೆ ಹೋಗಿ ಬಂದರು. ಮೊದಲ ಸಲ ಕಡೆದದ್ದು ಬಿಗಿಯಾಗಿ, ಮತ್ತೆ ಹೋಗಬೇಕಾಯಿತು. ಸ್ವಾಮಿಯವರು ಟೀ ತೋಟಕ್ಕೆ ಹತ್ತಿ, ದೊರೆಯ ಹಳೆಯ ಶೆಡ್ಡಿನ ಅಟ್ಟದಲ್ಲಿ ಮರೆತುಬಿಟ್ಟಿದ್ದ ಹೊಸ ಪಿಸ್ಟನ್ನುಗಳನ್ನು ಹುಡುಕಿ ತಂದರು. ರೆಕ್ಕೆಗಳ ನಡುವಿನ ಹೊಟ್ಟನ್ನು ಮಾದೇವ ಬಿದಿರ ಸೀಳಿನಿಂದ ಒಂದೊಂದಾಗಿ ಕೆತ್ತಿ ಸೀಮೆಎಣ್ಣೆಯಲ್ಲಿ ತೊಳೆದ. ಸಣ್ಣತಾಯಮ್ಮ ಮಗನಿಗೆ ಬುತ್ತಿ ತಂದವಳು ಅದನ್ನು ನೋಡಿ, “ಹೇನು ತೆಗ್ದಂಗೆ ತೆಗೀತಾ ಇದ್ದೀಯಲ್ಲೋ” ಎಂದು ನಕ್ಕಳು.

ಕೊನೆಗೆ ಪಿಸ್ಟನ್ನುಗಳನ್ನು ಕೂರಿಸುವ ಹಂತ ಬಂತು. ಪಿಸ್ಟನ್ನನ್ನು ಅದರ ಕೈಗೆ, ಅಂದರೆ ಕನೆಕ್ಟಿಂಗ್ ರಾಡಿಗೆ, ಸೇರಿಸುವುದು ಒಂದು ಉಕ್ಕಿನ ಪಿನ್ನು. ತಣ್ಣಗಿದ್ದಾಗ ಅದು ಒಳಗೆ ಹೋಗುವುದೇ ಇಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಎಲ್ಲವೂ ಸೊಟ್ಟಗಾಗುತ್ತದೆ. ಪಿಸ್ಟನ್ನನ್ನು ಕುದಿಯುವ ನೀರಲ್ಲಿಟ್ಟು ಕಾಯಿಸಿದರೆ ಲೋಹ ಹಿಗ್ಗಿ ಪಿನ್ನಿಗೆ ದಾರಿ ಬಿಡುತ್ತದೆ. ಮಾದೇವ ಅರ್ಧ ಕಟ್ಟಿದ ಇಂಜಿನ್ನನ್ನು ಎತ್ತಿನ ಗಾಡಿಗೆ ಏರಿಸಿ, ಒಗೆದ ಪಂಚೆ ಹೊದಿಸಿ, ಸ್ವಾಮಿಯವರನ್ನೂ ಕರೆದುಕೊಂಡು ತೆರಕಣಾಂಬಿಗೆ ಹೊರಟ. ಪುಟ್ಟಬಸಪ್ಪ ಬಿಡಲಿಲ್ಲ.

“ನಿನ್ನ ಶೆಡ್ನಲ್ಲಿ ನೀರು ಕಾಸಕೆ ಒಂದು ಪಾತ್ರೆ ಇಲ್ವೇನ್ಲಾ?”

ಮಾದೇವ ಎತ್ತಿನ ಬಾಲ ಮುಟ್ಟಿ ಗಾಡಿ ಹೊಡೆದ.

ನಾನು ಆ ಹೊತ್ತು ದೊಡ್ಡಮಲ್ಲಮ್ಮನವರ ಜಗಲಿಯ ಮೇಲಿದ್ದೆ. ಗಾಡಿಯನ್ನು ಕಂಡ ಆ ತಾಯಿ ಒಳಕ್ಕೆ ಎದ್ದುಹೋಗುವುದರಲ್ಲಿದ್ದರು.

“ಅವ್ವ, ಹಂಡೆ ತುಂಬ ನೀರು ಕಾಸಿ ಕೊಡಬೇಕು” ಎಂದ ಮಾದೇವ.

“ಇದಕ್ಕೆ ನೀರು ಆಗಾಕಿಲ್ಲ ಅಂತ ನೀನೇ ಅಂದೆ.”

“ಓಡಕೆ ಬ್ಯಾಡ ಕಣವ್ವ. ಕಟ್ಟಕೆ ಬೇಕು.”

ಅವರು ಅವನನ್ನೇ ನೋಡಿದರು. “ಗುಂಡ್ಲುಪೇಟೇಲಿ ನೀರಿಲ್ವಾ? ನನ್ನ ಸಮಾಧಾನಕ್ಕೆ ಬಂದಿದ್ದೀಯ?”

“ಅಲ್ಲೂ ನೀರದೆ, ಪಾತ್ರೇನೂ ಅದೆ. ಇದನ್ನ ಕೆಡ್ಸಿದ್ರಲ್ಲಿ ನಿಮ್ಮ ನೀರೂ ಸೇರ್ತು, ನನ್ನ ಕಣ್ಣೂ ಸೇರ್ತು, ಊರೋರ ಹುರುಳೀನೂ ಸೇರ್ತು. ಕಟ್ಟೋದ್ರಲ್ಲೂ ಸೇರ್ಲಿ. ನೆಟ್ಟಗೆ ನಿಂತ್ಕೊಂಡು ಇಸ್ಕೊ ಅಂದೋರು ನೀವು. ಈಗ ನಾನು ಬೇರೆಯೋರ ನೀರಿಗೆ ಓಗ್ಲಾ?”

ದೊಡ್ಡಮಲ್ಲಮ್ಮನವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಒಲೆಗೆ ಸೌದೆ ನೂಕುವ ಸದ್ದು ಕೇಳಿಸಿತು. ಆಮೇಲೆ ಅವರೇ ಕೊಡ ಹಿಡಿದು ಬಂದು, ದೂಳು ಏಳದಂತೆ ಅಂಗಳಕ್ಕೆಲ್ಲ ನೀರು ಚಿಮುಕಿಸಿದರು. “ಹೊಟ್ಟು ಗಿಟ್ಟು ಹಾರೀತು. ಆ ಎತ್ತುಗಳ್ನ ಅತ್ಲಾಗೆ ಕಟ್ರೋ” ಎಂದು ಗದರಿದರು. ಆ ಗದರಿಕೆ ಕೇಳಿ ನನ್ನ ಕಣ್ಣು ತೇವವಾಯಿತು.

ಹಂಡೆ ಕುದಿಯಿತು. ಮೊದಲ ಪಿಸ್ಟನ್ನನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರು. ಮಾದೇವ ಅದನ್ನು ತೆಗೆದು, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ, ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದ. ಆವರೆಗೆ ಮೊಂಡು ಹಿಡಿದಿದ್ದ ಉಕ್ಕು ಬೆಣ್ಣೆಯೊಳಕ್ಕೆ ಹೋದಂತೆ ಹೋಯಿತು. ಎರಡನೆಯದನ್ನು ತೆಗೆದಾಗ ಸ್ವಾಮಿಯವರು ಅದರ ಗುಣಗಾನ ಮಾಡುತ್ತ ಬಟ್ಟೆಯಲ್ಲೇ ಹಿಡಿದು ನಿಂತರು. ಪಿನ್ನು ಅರ್ಧಕ್ಕೇ ನಿಂತಿತು.

“ಮಾತಾಡ್ತಾ ನಿಂತ್ರೆ ಆರೋಗ್ತದೆ ಸಾಮಿ, ತತ್ತ ಇತ್ಲಾಗೆ” ಎಂದು ದೊಡ್ಡಮಲ್ಲಮ್ಮನವರು ಅದನ್ನು ಕಸಿದುಕೊಂಡು ತಾವೇ ಮತ್ತೆ ಹಂಡೆಗೆ ಇಳಿಸಿದರು. ಉಳಿದವೆಲ್ಲ ಅವರ ಕೈಯಿಂದಲೇ ಮೇಲೆ ಬಂದವು. ಕೊನೆಯ ಪಿನ್ನು ಸೇರಿದಾಗ ಆ ತಾಯಿ ಹಂಡೆಯ ಹಬೆಯಲ್ಲಿ ಮುಖ ಒರೆಸಿಕೊಳ್ಳುತ್ತ, ತಮಗೆ ತಾವೇ ಎಂಬಂತೆ, “ಇದಕ್ಕೂ ಬೇಕಾಯ್ತಲ್ಲ” ಎಂದರು.

ಶಿವರಾತ್ರಿಗೆ ಮುಂಚೆ ಇಂಜಿನ್ನು ಕಾರಿನಲ್ಲಿ ಕೂತಿತು. ಚಾಲೂ ಮಾಡಿದಾಗ ಬಾಣಲೆಯಲ್ಲಿ ಹುರುಳಿ ಹುರಿದಂಥ ಚಟಪಟ ಸದ್ದು. ಅದರ ಸ್ವಭಾವವೇ ಅಂಥದ್ದಂತೆ. ಗಾಳಿ ಬರುವ ಬಾಯಿಗೆ ಮಾದೇವ ತಂತಿಯ ಬಲೆಯೊಂದನ್ನು ಕಟ್ಟಿದ್ದ, ಹೊಟ್ಟು ಹೋಗದಿರಲೆಂದು. ಸ್ವಾಮಿಯವರು ಅದನ್ನು ನೇರ ಹೊಂಗೆಮರದ ಬಳಿಗೆ ಓಡಿಸಿಕೊಂಡು ಬಂದು, ಇಂಜಿನ್ನು ನಿಲ್ಲಿಸದೆ ಇಳಿದರು. ಪಕ್ಕದಲ್ಲಿ ಮಾದೇವ, ಹಿಂದಿನ ಸೀಟಿನಲ್ಲಿ ನಾನು.

ಗುಡಾಣಗಳು ನೆಟ್ಟಗೆ ನಿಂತಿದ್ದವು, ತುಂಬಿದ್ದವು. ಬೆಟ್ಟಕ್ಕೆ ಹೋಗುವ ಒಂದು ಗುಂಪು ಆಗಲೇ ಕುಡಿಯುತ್ತಿತ್ತು. ದೊಡ್ಡಮಲ್ಲಮ್ಮನವರು ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದೆ ಕಿವಿಗೊಟ್ಟು ಆಲಿಸಿದರು. ಅವರ ಕೈಯಲ್ಲಿ ತುಂಬಿದ ಚೆಂಬಿತ್ತು. ಪುಣ್ಯಾತ್ಮರಾದ ಸ್ವಾಮಿಯವರು ಒಂದು ಕ್ಷಣ ಗಾಬರಿಯಾಗಿ ಆ ದುಂಡನೆಯ ಮುಚ್ಚಳದ ಕಡೆ ನೋಡಿದ್ದನ್ನು ನಾನು ಕಂಡೆ.

ಆ ತಾಯಿಯೂ ಕಂಡರು. ನಗುತ್ತ ಮಾದೇವನ ಕಡೆ ತಿರುಗಿ ಚೆಂಬನ್ನು ಚಾಚಿದರು.

“ಗಾಡಿಗೆ ಬ್ಯಾಡ, ಗೊತ್ತು ಕಣ. ನಿಂಗೆ ಬ್ಯಾಡ್ವಾ? ಇಸ್ಕೊ.”

ಮಾದೇವ ನೆಟ್ಟಗೆ ನಿಂತು ಎರಡೂ ಕೈಯಲ್ಲಿ ಇಸ್ಕೊಂಡ. ಕುಡಿದಾದ ಮೇಲೆ ಅವನು ಚೆಂಬನ್ನು ಹಿಂದಿರುಗಿಸಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಶೆಡ್ಡಿನ ಹೊರಗಿನ ಕಲ್ಲಿನ ಮೇಲೆ ಈಗ ದಿನವೂ ಇರುವುದು ಅದೇ ಚೆಂಬು. ಗುಂಡ್ಲುಪೇಟೆಗೆ ಹೋದಾಗಲೆಲ್ಲ ನಾನು ಬಾಯಾರಿಕೆಯಿಲ್ಲದಿದ್ದರೂ ನಿಂತು ಅದರಲ್ಲಿ ಕುಡಿದೇ ಮುಂದೆ ಹೋಗುತ್ತೇನೆ.